ಸಂಪಿನಿಂದ ಕಿಟಕಿಯವರೆಗೆ: ಬೆಂಗಳೂರಿನ ಮನೆಯಲ್ಲಿ ಸೋಂಕಿನ ದಾರಿ ಮುಚ್ಚುವುದು ಹೇಗೆ

ಜೂನ್ ಮಳೆ ಎರಡು ಸಲ ಜೋರಾಗಿ ಬಂದು ಹೋದ ಮೇಲೆ ಬೀದಿಯಲ್ಲಿ ಜ್ವರದ ಮಾತು ಶುರುವಾಗುತ್ತದೆ. ನೆಲ ಒರೆಸುವ ನೀರಿಗೆ ಫಿನಾಯಿಲ್ ಎರಡು ಮುಚ್ಚಳ ಹೆಚ್ಚು ಬೀಳುತ್ತದೆ, ಬಾಗಿಲ ಬಳಿ ಸ್ಯಾನಿಟೈಸರ್ ಬಾಟಲಿ ಮತ್ತೆ ಬಂದು ಕೂರುತ್ತದೆ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫಾಗಿಂಗ್ ಯಾವಾಗ ಎಂದು ಜಗಳ ನಡೆಯುತ್ತದೆ. ಫಿನಾಯಿಲ್ ಡೆಂಗಿಯನ್ನು ತಡೆಯುವುದಿಲ್ಲ, ಫಾಗಿಂಗ್ ಟೈಫಾಯಿಡನ್ನು ತಡೆಯುವುದಿಲ್ಲ, ವಾಂತಿಭೇದಿ ತರುವ ಕೆಲವು ವೈರಸ್‌ಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದೇ ಇಲ್ಲ. ಪ್ರತಿ ರೋಗಕ್ಕೂ ಅದರದೇ ದಾರಿ ಇದೆ. ಆ ದಾರಿಯಲ್ಲಿ ಸುಲಭವಾಗಿ ಕಡಿಯಬಹುದಾದ ಜಾಗ ಒಂದೋ ಎರಡೋ ಇರುತ್ತವೆ. ಶ್ರಮವೆಲ್ಲ ಅಲ್ಲಿ ಹಾಕಬೇಕು. ಬೆಂಗಳೂರಿನಲ್ಲಿ ಆ ಜಾಗ ಬಹುಪಾಲು ನಾವೇ ಕೂಡಿಟ್ಟ ನೀರು. ಅದಕ್ಕೇ ಈ ಮಾರ್ಗದರ್ಶಿಯ ದೊಡ್ಡ ಪಾಲು ಸಂಪು, ಟ್ಯಾಂಕು, ಡ್ರಮ್ಮಿನ ಸುತ್ತಲೇ ಇದೆ.

ಮೊದಲು ದಾರಿ ಗುರುತಿಸಿ

ಈ ಊರಿನ ಮನೆಗಳಲ್ಲಿ ಕಾಣುವ ಸೋಂಕುಗಳನ್ನು ನಾಲ್ಕು ದಾರಿಗಳಲ್ಲಿ ಇಟ್ಟು ನೋಡಬಹುದು.

ಮಲದಿಂದ ಬಾಯಿಗೆ ಬರುವವು ಟೈಫಾಯಿಡ್, ಕಾಲರಾ, ವಾಂತಿಭೇದಿ, ಹೆಪಟೈಟಿಸ್ ಎ ಮತ್ತು ಇ ತರುವ ಕಾಮಾಲೆ. ನೀರು, ಕೈ, ನೊಣ ಇವುಗಳ ವಾಹನ.

ಉಸಿರಿನಿಂದ ಉಸಿರಿಗೆ ಹೋಗುವವು ಫ್ಲೂ, ಕೋವಿಡ್, ಕ್ಷಯ, ದಡಾರ, ಸಿತಾಳೆ ಸಿಡುಬು, ಮಂಗನಬಾವು.

ಸೊಳ್ಳೆ ಹೊತ್ತು ತರುವವು ಡೆಂಗಿ, ಚಿಕೂನ್‌ಗುನ್ಯಾ, ಅಪರೂಪಕ್ಕೆ ಝೀಕಾ ಮತ್ತು ಮಲೇರಿಯಾ.

ಚರ್ಮ, ಗಾಯ, ಕಡಿತದ ಮೂಲಕ ಬರುವವು ರೇಬೀಸ್, ಇಲಿಜ್ವರ, ಧನುರ್ವಾಯು. ‘ಮದ್ರಾಸ್ ಐ’ ಎಂದು ಕರೆಯುವ ಕಣ್ಣುಬೇನೆಯನ್ನೂ ಇಲ್ಲೇ ಸೇರಿಸಬಹುದು. ಅದು ಹರಡುವುದು ಕೈ ಮತ್ತು ಟವೆಲ್ಲಿನಿಂದ, ರೋಗಿಯ ಕಣ್ಣು ನೋಡುವುದರಿಂದಲ್ಲ.

ಸೋಂಕು ಎಲ್ಲಿಂದ ಬಂತು ಎಂದು ಹುಡುಕುವಾಗ ದಿನಗಳ ಲೆಕ್ಕ ಬೇಕು. ರೋಗಾಣು ಒಳಹೊಕ್ಕು ಲಕ್ಷಣ ಕಾಣಲು ಕಾಲರಾಕ್ಕೆ ಕೆಲವು ಗಂಟೆಯಿಂದ 5 ದಿನ ಬೇಕು, ಫ್ಲೂಗೆ 1ರಿಂದ 4 ದಿನ, ಡೆಂಗಿಗೆ 4ರಿಂದ 10 ದಿನ, ಟೈಫಾಯಿಡಿಗೆ ಸಾಮಾನ್ಯವಾಗಿ 1ರಿಂದ 3 ವಾರ, ಸಿತಾಳೆ ಸಿಡುಬಿಗೆ 10ರಿಂದ 21 ದಿನ, ಹೆಪಟೈಟಿಸ್ ಎಗೆ 15ರಿಂದ 50 ದಿನ. ಮೊನ್ನೆ ಸಂಜೆ ತಿಂದ ಪಾನಿಪೂರಿಯನ್ನು ಇವತ್ತಿನ ಟೈಫಾಯಿಡಿಗೆ ಬೈಯುವವರು ಎರಡು ವಾರ ಹಿಂದೆ ಸಂಪಿಗೆ ಏನಾಗಿತ್ತು ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ಸಂಪು: ಇಲ್ಲಿಂದಲೇ ಶುರು

ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ನಕ್ಷೆ ನೆನೆಸಿಕೊಳ್ಳಿ. ಕಾರು ನಿಲ್ಲಿಸುವ ಜಾಗದ ಕೆಳಗೆ ಸಂಪು. ಅಲ್ಲಿಂದ ನಾಲ್ಕೈದು ಅಡಿ ಆಚೆ, ಗೇಟಿನ ಬಳಿ, ಒಳಚರಂಡಿಯ ಚೇಂಬರು. ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡರೆ ಕೊಳಚೆ ಹಿಂದಕ್ಕೆ ಏರಿ ಚೇಂಬರು ತುಂಬುತ್ತದೆ. ಸಂಪಿನ ಗೋಡೆಯಲ್ಲಿ ಬಿರುಕಿದ್ದರೆ ಅದು ಒಳಗೆ ಜಿನುಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ದಾರಿ ಬೀದಿಯ ನೀರಿನ ಪೈಪು. ಬಹಳಷ್ಟು ಬಡಾವಣೆಗಳಿಗೆ ಕಾವೇರಿ ನೀರು ದಿನವಿಡೀ ಬರುವುದಿಲ್ಲ. ಪೈಪಿನಲ್ಲಿ ಒತ್ತಡ ಇರುವಷ್ಟು ಹೊತ್ತು ತೂತಿನಿಂದ ನೀರು ಹೊರಗೆ ಸೋರುತ್ತದೆ. ಸರಬರಾಜು ನಿಂತ ಮೇಲೆ ಅದೇ ತೂತು ಸುತ್ತಲಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಲೈನಿಗೇ ಮೋಟಾರು ಕೂರಿಸಿ ನೀರು ಎಳೆಯುವ ಮನೆ ಬೀದಿಯಲ್ಲಿದ್ದರೆ ಈ ಎಳೆತ ಇನ್ನೂ ಜಾಸ್ತಿ. ಅಂಥ ಮೋಟಾರು ಕಾನೂನುಬಾಹಿರ ಎನ್ನುವುದು ಬೇರೆ ಮಾತು. ಅದು ಮೊದಲು ಕೆಡಿಸುವುದು ಹಾಕಿಕೊಂಡವರ ನೀರನ್ನೇ.

ಹಾಗಾಗಿ ಈ ಕ್ರಮ.

1. ನೀರು ಬಿಟ್ಟ ಮೊದಲ ಐದು ನಿಮಿಷ ಅದನ್ನು ಸಂಪಿಗೆ ಬಿಡಬೇಡಿ. ಒಂದು ಬಕೆಟ್ಟಿಗೆ ಹಿಡಿದು ಬಣ್ಣ, ವಾಸನೆ ನೋಡಿ. ನೊರೆ, ಕಂದು ಬಣ್ಣ, ಮೋರಿ ವಾಸನೆ ಯಾವುದಿದ್ದರೂ ವಾಲ್ವ್ ಮುಚ್ಚಿ ಜಲಮಂಡಳಿಯ 1916ಕ್ಕೆ ದೂರು ಕೊಡಿ. ಅಕ್ಕಪಕ್ಕದ ಮನೆಯವರನ್ನೂ ಕೇಳಿ: ಎಲ್ಲರಿಗೂ ಹಾಗೇ ಬಂದರೆ ದೋಷ ಬೀದಿಯ ಲೈನಿನಲ್ಲಿದೆ, ನಿಮಗೊಬ್ಬರಿಗೇ ಆದರೆ ನಿಮ್ಮ ಸಂಪರ್ಕದ ಪೈಪಿನಲ್ಲಿ.

2. ಸಂಪು ಸೋರುತ್ತದೆಯೇ ನೋಡಿ. ರಾತ್ರಿ ತುಂಬಿಸಿ, ಒಳಬರುವ ವಾಲ್ವು ಮತ್ತು ಮೋಟಾರು ಎರಡನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಬಿರುಕಿದೆ. ನೀರು ಹೊರಗೆ ಹೋಗುವ ಬಿರುಕಿನಲ್ಲಿ ಕೊಳಚೆ ಒಳಗೂ ಬರುತ್ತದೆ. ಮೋಟಾರಿನ ಫುಟ್‌ವಾಲ್ವ್ ಕೆಟ್ಟು ಪೈಪಿನಲ್ಲಿದ್ದ ನೀರು ಸಂಪಿಗೆ ವಾಪಸು ಬರುತ್ತಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ. ಅದನ್ನು ಮೊದಲು ಸರಿಮಾಡಿಸಿ.

3. ಮುಚ್ಚಳದ ಸುತ್ತ ನೆಲಕ್ಕಿಂತ ಅರ್ಧ ಅಡಿ ಎತ್ತರದ ಕಟ್ಟೆ ಇರಲಿ. ನೆಲದ ಸಮಕ್ಕೆ ಕೂರಿಸಿದ ಕಬ್ಬಿಣದ ಮುಚ್ಚಳ ಕಾರು ಹತ್ತಿಸಲು ಚೆಂದ, ಆದರೆ ಕಾರು ತೊಳೆದ ನೀರು, ಬೀದಿಯಿಂದ ನುಗ್ಗಿದ ಮಳೆನೀರು ಎಲ್ಲ ಅದರ ಅಂಚಿನಿಂದಲೇ ಇಳಿಯುತ್ತದೆ.

4. ಅನುಮಾನ ಬಂದರೆ ಎಚ್‌ಟುಎಸ್ ಬಾಟಲಿಯಲ್ಲಿ ಪರೀಕ್ಷಿಸಿ. ಒಳಗೆ ಕಾಗದದ ಪಟ್ಟಿ ಇರುವ ಸಣ್ಣ ಬಾಟಲಿ ಅದು. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ನೀರು ಕಪ್ಪಾಗುತ್ತದೆ. ಕ್ಲೋರಿನ್ ಹಾಕಿದ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಅದಕ್ಕೂ ಮುಂಚೆ ಮಾಡಬೇಕು. ಗಂಧಕದ ವಾಸನೆ ಇರುವ ಬೋರ್‌ವೆಲ್ ನೀರು ಮಾಲಿನ್ಯ ಇಲ್ಲದೆಯೂ ಕಪ್ಪಾಗಬಹುದು.

ಸಂಪು ತೊಳೆಯುವುದು ಆರು ತಿಂಗಳಿಗೊಮ್ಮೆ. ನೀರು ಖಾಲಿ ಮಾಡಿ, ಕೆಸರು ತೆಗೆಸಿ, ಗೋಡೆಯನ್ನು ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿಸಿ, ಮತ್ತೆ ತುಂಬಿಸಿ, ಪ್ರತಿ 1,000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿ ಹಾಕಿ ರಾತ್ರಿಯಿಡೀ ಬಿಡಬೇಕು. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುವ ಪ್ರಮಾಣ ಇದು. ಆ ನೀರು ಕುಡಿಯಲು ಬಾರದು, ಗಿಡಕ್ಕೂ ಬೇಡ; ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿ.

ತೊಳೆಯಲು ಇಳಿಯುವವರ ಜೀವದ ಮಾತು ಇಲ್ಲಿದೆ. ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು, ವಿಷಾನಿಲ ಇರಬಹುದು. ಮುಚ್ಚಳ ತೆಗೆದು ಗಂಟೆಗಟ್ಟಲೆ ಗಾಳಿಯಾಡಲು ಬಿಡಬೇಕು, ಸಾಧ್ಯವಿದ್ದರೆ ಫ್ಯಾನಿನಿಂದ ಒಳಗೆ ಗಾಳಿ ಹೊಡೆಸಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೆ ಇಬ್ಬರು ನಿಂತಿರಬೇಕು. ಒಳಗಿದ್ದವರು ಕುಸಿದರೆ ಅವರನ್ನು ಎತ್ತಲು ಇನ್ನೊಬ್ಬರು ಹಾಗೇ ಧುಮುಕಿದರೆ ಎರಡನೇ ಸಾವು. ಡೀಸೆಲ್ ಪಂಪನ್ನು ಸಂಪಿನೊಳಗೆ ಇಳಿಸಬೇಡಿ. ಆಸಿಡ್ ಹಾಕಿ ಉಜ್ಜಿದ ಮೇಲೆ ಬ್ಲೀಚಿಂಗ್ ಹಾಕುವುದಂತೂ ಕೂಡದೇ ಕೂಡದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಚ್ಚಲಮನೆಯಲ್ಲೂ ಇದೇ ನಿಯಮ: ಕಕ್ಕಸು ತೊಳೆಯುವ ಆಸಿಡ್ ಇರುವ ದ್ರಾವಣ ಬಳಸಿದ ಹೊತ್ತಿನಲ್ಲೇ ಬ್ಲೀಚಿಂಗ್ ಬೇಡ.

ದಿನದ ಕ್ಲೋರಿನ್ ಲೆಕ್ಕ

ಸಂಪಿನ ಉದ್ದ, ಅಗಲ ಮತ್ತು ನೀರಿರುವ ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಆರಡಿ ಉದ್ದ, ಆರಡಿ ಅಗಲದ ಸಂಪಿನಲ್ಲಿ ನಾಲ್ಕಡಿ ನೀರಿದ್ದರೆ 144 ಘನ ಅಡಿ, ಅಂದರೆ ಸುಮಾರು 4,000 ಲೀಟರ್. ಹೊಸದಾಗಿ ತಂದ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ತಿಳಿಯಾದ ನೀರಿಗೆ 1,000 ಲೀಟರಿಗೆ 2.5 ಗ್ರಾಂನಿಂದ ಶುರುಮಾಡಿ; ಟ್ಯಾಂಕರ್ ನೀರಿಗೆ, ಮಳೆಗಾಲದಲ್ಲಿ, 5 ಗ್ರಾಂ. ಮೇಲಿನ ಸಂಪಿಗೆ 10ರಿಂದ 20 ಗ್ರಾಂ ಆಯಿತು.

ಪುಡಿಯನ್ನು ನೇರವಾಗಿ ಎರಚಬೇಡಿ. ಪ್ಲಾಸ್ಟಿಕ್ ಮಗ್ಗಿನಲ್ಲಿ ಸ್ವಲ್ಪ ನೀರು ಹಾಕಿ ಗಂಜಿಯಂತೆ ಕಲಸಿ, ಮಗ್ಗು ತುಂಬುವಷ್ಟು ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಕೆಟ್ ನೀರಿಗೆ ಬಗ್ಗಿಸಿ, ಆ ಬಕೆಟ್ಟನ್ನು ಸಂಪಿಗೆ ಸುರಿದು ಕಲಕಿ. ಅರ್ಧ ಗಂಟೆ ಮೋಟಾರು ಹಾಕಬೇಡಿ. ಆಮೇಲೆ ಕ್ಲೋರಿನ್ ಪರೀಕ್ಷೆಯ ಕಿಟ್‌ನಲ್ಲಿ ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ನಲ್ಲಿಯ ತುದಿಯಲ್ಲಿ 0.2ಕ್ಕಿಂತ ಕಡಿಮೆ ಇರಬಾರದು. ಹಳದಿ ಬಣ್ಣ ತೋರಿಸುವ ಕಿಟ್ ಆದರೆ ದ್ರಾವಣ ಹಾಕಿದ ಹತ್ತು ಸೆಕೆಂಡಿನೊಳಗೆ ಓದಿ, ತಡಮಾಡಿದರೆ ಬಣ್ಣ ಗಾಢವಾಗಿ ಸುಳ್ಳು ಲೆಕ್ಕ ಕೊಡುತ್ತದೆ. ಏನೂ ಕಾಣದಿದ್ದರೆ ಮೊದಲ ಪ್ರಮಾಣದ ಅರ್ಧ ಮತ್ತೆ ಹಾಕಿ.

ಎಲ್ಲಿ ಕೆಡುತ್ತದೆ? ಮುಖ್ಯವಾಗಿ ಎರಡು ಕಡೆ. ಬ್ಲೀಚಿಂಗ್ ಚೀಲವನ್ನು ಬಾಯಿ ಬಿಚ್ಚಿ ಮೆಟ್ಟಿಲ ಕೆಳಗೆ ಇಟ್ಟಿರುತ್ತಾರೆ. ತೇವ, ಬೆಳಕು, ಬಿಸಿ ತಾಗಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ, ತಿಂಗಳೆರಡಕ್ಕೆ ಬೇಕಾಗುವಷ್ಟೇ ತನ್ನಿ. ಎರಡನೆಯದು ಕದಡಿದ ನೀರು. ಮಣ್ಣಿನ ಕಣಗಳೇ ಕ್ಲೋರಿನ್ನನ್ನು ತಿಂದುಹಾಕುತ್ತವೆ. ಅಂಥ ನೀರನ್ನು ಮೊದಲು ತಿಳಿಯಾಗಲು ಬಿಡಬೇಕು, ಬೇಕಾದರೆ ಪಟಿಕ ಹಾಕಿ.

ಕುಡಿಯುವ ನೀರು

ಕ್ಲೋರಿನ್ ಎಲ್ಲವನ್ನೂ ಕೊಲ್ಲುವುದಿಲ್ಲ. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಅದಕ್ಕೆ ಜಗ್ಗುವುದಿಲ್ಲ. ಕುದಿಸಿದರೆ ಸಾಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಇರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಅಷ್ಟು ಸಾಕು. ದೊಡ್ಡ ಗುಳ್ಳೆಗಳು ಎದ್ದು ಕೊತಕೊತ ಕುದಿದ ಮೇಲೆ ಒಂದು ನಿಮಿಷ ಬಿಟ್ಟು ಆರಿಸಿ. ಇಪ್ಪತ್ತು ನಿಮಿಷ ಕುದಿಸುವುದು ಗ್ಯಾಸ್ ದಂಡ.

ಕುದಿಸಿದ ನೀರು ಮತ್ತೆ ಕೆಡುವುದು ಕೈಯಿಂದ. ಅಗಲ ಬಾಯಿಯ ಪಾತ್ರೆಗೆ ಲೋಟ ಅದ್ದಿದ ಕೂಡಲೇ ಬೆರಳೂ ಅದ್ದಿತು. ನಲ್ಲಿ ಇರುವ ಸ್ಟೀಲ್ ಡ್ರಮ್ಮು ಅಥವಾ ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಕುದಿಸಿದ ನೀರಿನಲ್ಲಿ ಉಳಿಕೆ ಕ್ಲೋರಿನ್ ಇಲ್ಲದ ಕಾರಣ ಒಂದು ದಿನದಲ್ಲಿ ಮುಗಿಸಿ. ಮನೆಯ ಫಿಲ್ಟರ್ ಇದ್ದವರು ಕ್ಯಾಂಡಲ್ ಮತ್ತು ಯುವಿ ದೀಪ ಬದಲಿಸಿದ ದಿನಾಂಕವನ್ನು ಯಂತ್ರದ ಮೇಲೆಯೇ ಬರೆದಿಡಿ. ದೀಪ ಉರಿಯುತ್ತಿದ್ದರೂ ಕಾಲ ಕಳೆದಂತೆ ಅದರ ಶಕ್ತಿ ಇಳಿದಿರುತ್ತದೆ. ಪ್ರವಾಹ, ಪ್ರಯಾಣದಂಥ ಹೊತ್ತಿಗೆ 0.5 ಗ್ರಾಂ ಕ್ಲೋರಿನ್ ಮಾತ್ರೆ 20 ಲೀಟರ್ ನೀರಿಗೆ ಒಂದು, ಅರ್ಧ ಗಂಟೆ ಕಾಯಬೇಕು.

ಸೊಳ್ಳೆಗೆ ವಾರಕ್ಕೊಂದು ದಿನ

ಡೆಂಗಿ ತರುವ ಈಡಿಸ್ ಸೊಳ್ಳೆ ಮೋರಿಯದ್ದಲ್ಲ, ಮನೆಯದ್ದು. ಶುದ್ಧ ನಿಂತ ನೀರು ಬೇಕು, ಹಗಲು ಕಚ್ಚುತ್ತದೆ, ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿಗಿಂತ ಆಚೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಾಗಾಗಿ ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮ ಮನೆಯದ್ದೋ ಪಕ್ಕದ ಮನೆಯದ್ದೋ ಆಗಿರುವ ಸಂಭವವೇ ಹೆಚ್ಚು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್ ತನ್ನ ಬಂಗಲೆಯಲ್ಲಿ ಮಾತ್ರ ಇಷ್ಟು ಸೊಳ್ಳೆ ಏಕೆಂದು ಹುಡುಕಿ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳನ್ನು ಕಂಡು ಅದನ್ನು ಮಗುಚಿದ್ದ. ಸೊಳ್ಳೆಯೊಳಗೆ ಮಲೇರಿಯಾ ರೋಗಾಣುವನ್ನು ಅವನು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ತೊಟ್ಟಿ ಮಗುಚುವ ಉಪಾಯ ರೋಗದ ಗುಟ್ಟಿಗಿಂತ ಹದಿನಾಲ್ಕು ವರ್ಷ ಹಳೆಯದು, ಇವತ್ತಿಗೂ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಮೊಟ್ಟೆ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ. ವಾರಕ್ಕೊಂದು ದಿನ ಎಲ್ಲ ನೀರನ್ನೂ ಖಾಲಿ ಮಾಡಿದರೆ ಯಾವ ಮರಿಯೂ ರೆಕ್ಕೆ ಬಿಚ್ಚುವ ಹೊತ್ತಿಗೆ ಬದುಕಿರುವುದಿಲ್ಲ. ಭಾನುವಾರ ಬೆಳಗ್ಗೆ ಅರ್ಧ ಗಂಟೆ ಸಾಕು. ಮೇಲಿನಿಂದ ಕೆಳಕ್ಕೆ ಬನ್ನಿ.

ತಾರಸಿಯಲ್ಲಿ ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ನೋಡಿ. ಗಾಳಿಗೆ ಹಾರಿದ ಮುಚ್ಚಳಕ್ಕೆ ಕಲ್ಲು ಹೇರಿದ್ದರೆ ಸಂದಿ ಉಳಿದಿರುತ್ತದೆ. ಓವರ್‌ಫ್ಲೋ ಪೈಪಿನ ಬಾಯಿಗೆ ನೈಲಾನ್ ಸೊಳ್ಳೆಪರದೆಯ ತುಂಡು ಕಟ್ಟಿ. ಸೋಲಾರ್ ಹೀಟರಿನ ಕೆಳಗೆ, ಕಿಟಕಿ ಮೇಲಿನ ಸಜ್ಜೆಯಲ್ಲಿ, ಎಲೆ ತುಂಬಿದ ಮಳೆನೀರಿನ ದೋಣಿಯಲ್ಲಿ ನೀರು ನಿಂತಿದೆಯೇ ನೋಡಿ. ಬಿಟ್ಟ ಪೇಂಟ್ ಡಬ್ಬಿ, ಮುರಿದ ಕಮೋಡು, ಟಾರ್ಪಾಲಿನ್ ಮಡಿಕೆ.

ಮನೆಯೊಳಗೆ ಗಿಡದ ಕುಂಡದ ತಟ್ಟೆ, ಮನಿಪ್ಲಾಂಟ್ ಬಾಟಲಿ, ಫ್ರಿಜ್ಜಿನ ಹಿಂದಿನ ಟ್ರೇ. ಈ ಟ್ರೇಯನ್ನು ಜನ ಮರೆತೇ ಬಿಡುತ್ತಾರೆ. ಬಳಸದ ಬಚ್ಚಲಿನ ಕಮೋಡಿಗೆ ವಾರಕ್ಕೊಮ್ಮೆ ನೀರು ಹೊಡೆಯಿರಿ. ಕೆಳಗೆ ಒರಳುಕಲ್ಲು, ಟೈರು, ನಾಯಿ ಹಕ್ಕಿಗೆ ಇಟ್ಟ ನೀರಿನ ಬಟ್ಟಲು, ಎಳನೀರಿನ ಬುರುಡೆ. ಅಪಾರ್ಟ್‌ಮೆಂಟಾದರೆ ಲಿಫ್ಟಿನ ಗುಂಡಿ ಮತ್ತು ನೆಲಮಾಳಿಗೆಯ ಚರಂಡಿ.

ಖಾಲಿ ಮಾಡಿದರಷ್ಟೇ ಸಾಲದು, ಉಜ್ಜಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ. ಆ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದ ದಿನ ಒಡೆಯುತ್ತದೆ. ನೀರು ಬರುವ ದಿನ ಡ್ರಮ್ಮನ್ನು ಬಗ್ಗಿಸಿ, ಒಳಗೋಡೆಯನ್ನು ನಾರಿನಿಂದ ಗಸಗಸ ಉಜ್ಜಿ, ಆಮೇಲೆ ತುಂಬಿಸಿ. ಡ್ರಮ್ಮಿನ ಮೇಲೆ ಹಲಗೆ ಸಾಲದು. ಹಳೆಯ ಪಂಚೆ ಹೊದಿಸಿ ಸುತ್ತ ಹಗ್ಗ ಬಿಗಿದರೆ ಮುಚ್ಚಳಕ್ಕಿಂತ ಚೆನ್ನ.

ಫಾಗಿಂಗ್ ಹೊಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ಈಡಿಸ್ ಆ ಹೊತ್ತಿಗೆ ನಿಮ್ಮ ಮಂಚದ ಕೆಳಗೋ ಬಟ್ಟೆಯ ಹಿಂದೋ ಕೂತಿರುತ್ತದೆ, ಮರಿಗಳು ನೀರಿನಲ್ಲಿ ಸುಖವಾಗಿರುತ್ತವೆ. ರೋಗ ಜೋರಾದ ಬೀದಿಯಲ್ಲಿ ತುರ್ತಿಗೆ ಅದು ಬೇಕಾಗಬಹುದು, ಅದನ್ನೇ ನಂಬಿ ಕೂರಬಾರದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಮರಿ ಬೆಳೆಯಲು ಬಿಟ್ಟ ನಗರದ ಮನೆಗೆ 400, ವಾಣಿಜ್ಯ ಕಟ್ಟಡಕ್ಕೆ 1,000, ಕಟ್ಟಡ ಕಟ್ಟುವ ಜಾಗಕ್ಕೆ 2,000 ರೂಪಾಯಿ ದಂಡ ಇಟ್ಟಿತು. ಪಕ್ಕದ ಸೈಟಿನಲ್ಲಿ ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆ ಕಟ್ಟಿದ ನೀರಿನಲ್ಲಿ ಮರಿ ಕಂಡರೆ ಮೇಸ್ತ್ರಿಗೆ ಹೇಳಿ ನೋಡಿ, ಕೇಳದಿದ್ದರೆ ಪಾಲಿಕೆಯ 1533ಕ್ಕೆ ಹೇಳಿ.

ಮೈಗೆ ಹಚ್ಚುವ ಮುಲಾಮಿನಲ್ಲಿ 20ರಿಂದ 30 ಶೇಕಡಾ ಡೀಟ್ ಅಥವಾ 20 ಶೇಕಡಾ ಪಿಕಾರಿಡಿನ್ ಇದ್ದರೆ ಕೆಲಸ ಮಾಡುತ್ತದೆ. ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಮತ್ತು ಸಂಜೆ ಮುಳುಗುವ ಮುಂಚಿನ ಹೊತ್ತು ಈಡಿಸ್‌ಗೆ ಊಟದ ಸಮಯ. ಮಕ್ಕಳು ಶಾಲೆಗೆ ಹೊರಡುವ, ಆಡಲು ಇಳಿಯುವ ಹೊತ್ತೂ ಅದೇ.

ಜ್ವರ ಬಂದ ಮೊದಲ ವಾರ

ಜ್ವರ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ಮುಂದಿನ ತೀರ್ಮಾನಗಳೆಲ್ಲ ಅದರ ಮೇಲೆ ನಿಂತಿವೆ. ಪ್ಯಾರಾಸಿಟಮಾಲ್ ಮಾತ್ರ ಕೊಡಿ: ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಯಕೃತ್ತಿನ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ, ವೈದ್ಯರನ್ನು ಕೇಳಿಯೇ. ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚಿಸುತ್ತವೆ. ಮೆಡಿಕಲ್ ಸ್ಟೋರಿನಿಂದ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ: ವೈರಸ್ ಜ್ವರಕ್ಕೆ ಅದು ನಾಟುವುದಿಲ್ಲ, ಟೈಫಾಯಿಡ್ ಆಗಿದ್ದರೆ ಮುಂದಿನ ರಕ್ತಪರೀಕ್ಷೆಯನ್ನು ಹಾಳುಮಾಡುತ್ತದೆ.

ಡೆಂಗಿಗೆ ಮೊದಲ 5 ದಿನ ರಕ್ತದಲ್ಲಿ ವೈರಸ್ಸಿನ ತುಣುಕನ್ನು ಹುಡುಕುವ ಎನ್‌ಎಸ್1 ಪರೀಕ್ಷೆ, ಆಮೇಲೆ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ. ಏಳನೇ ದಿನ ಎನ್‌ಎಸ್1 ಮಾಡಿಸಿ ಇಲ್ಲವೆಂದು ಬಂದರೆ ಡೆಂಗಿ ಇಲ್ಲವೆಂದು ಅರ್ಥವಲ್ಲ. ಟೈಫಾಯಿಡಿಗೆ ನಂಬಬೇಕಾದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಅದೂ ಆ್ಯಂಟಿಬಯಾಟಿಕ್‌ಗೆ ಮುಂಚೆ. ಪ್ರತಿಕಾಯ ನೋಡುವ ವೈಡಾಲ್ ಪರೀಕ್ಷೆಯನ್ನು ಒಂದೇ ಸಲ ಮಾಡಿಸಿದ ವರದಿಯ ಮೇಲೆ ಟೈಫಾಯಿಡ್ ಎಂದು ತೀರ್ಮಾನಿಸುವುದು ಈ ಊರಿನ ಹಳೆಯ ಚಟ. ಹಿಂದೆ ಎಂದೋ ಬಂದ ಸೋಂಕು, ಬೇರೆ ಜ್ವರ ಯಾವುದಿದ್ದರೂ ಅದು ಪಾಸಿಟಿವ್ ಬರಬಹುದು.

ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗಲ್ಲ, ಇಳಿದಾಗ, ಅಂದರೆ ಮೂರರಿಂದ ಏಳನೇ ದಿನದ ನಡುವೆ. ಮೈ ತಣ್ಣಗಾಯಿತು ಎಂದು ಮನೆಯವರು ನಿರಾಳವಾಗುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರುತ್ತಿರಬಹುದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ಕಪ್ಪು ಮಲ, ತಣ್ಣನೆ ಕೈಕಾಲು, ಮಂಕು ಅಥವಾ ಚಡಪಡಿಕೆ, ಆರು ಗಂಟೆಯಿಂದ ಮೂತ್ರವಿಲ್ಲ: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ, ಬೇಕಾದರೆ 108ಕ್ಕೆ ಫೋನ್ ಮಾಡಿ. ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ಎಣಿಸುತ್ತಾ ಕೂರುತ್ತಾರೆ. ಪ್ಲೇಟ್‌ಲೆಟ್ ಇಳಿಯುವುದರ ಜತೆಗೆ ಹಿಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತಿದೆಯೇ ಎನ್ನುವುದು ಅದಕ್ಕಿಂತ ಮುಖ್ಯ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸಬೇಕಾಗಿಲ್ಲ. ಪರಂಗಿ ಎಲೆಯ ರಸ ನಂಬಿ ದ್ರವ ಕುಡಿಸುವುದನ್ನು ಮರೆಯಬೇಡಿ.

ಜ್ವರದ ಮೊದಲ ಐದು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ, ಕಚ್ಚಿದ ಸೊಳ್ಳೆ ಅದನ್ನು ಒಯ್ಯುತ್ತದೆ. ರೋಗಿಯನ್ನು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಮನೆಯಲ್ಲಿ ಎರಡನೆಯವರಿಗೆ ಹರಡದಂತೆ ತಡೆಯಲು ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ.

ವಾಂತಿಭೇದಿ ಆದಾಗ

ಓಆರ್‌ಎಸ್ ಪೊಟ್ಟಣ ಒಂದು, ನೀರು ಒಂದು ಲೀಟರ್, ಪೂರ್ತಿ. ಕಾಲು ಪೊಟ್ಟಣವನ್ನು ಅಂದಾಜಿಗೆ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ, ನೀರು ಹೆಚ್ಚಾದರೆ ಫಲವಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಟೀ ಚಮಚೆಯಲ್ಲಿ ಆರು ಸಮತಟ್ಟು ಸಕ್ಕರೆ, ಅರ್ಧ ಉಪ್ಪು. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚೆಯಲ್ಲಿ ನಿಧಾನವಾಗಿ ಮತ್ತೆ ಶುರುಮಾಡಿ. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿ ಓಆರ್‌ಎಸ್ ಅಲ್ಲ. ಹೆಚ್ಚು ಸಕ್ಕರೆ ಭೇದಿಯನ್ನು ಜಾಸ್ತಿ ಮಾಡುತ್ತದೆ. ಆರು ತಿಂಗಳು ದಾಟಿದ ಮಕ್ಕಳಿಗೆ ಸತು ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10, ಹದಿನಾಲ್ಕು ದಿನ. ಭೇದಿ ಮೂರು ದಿನಕ್ಕೆ ನಿಂತರೂ ನಿಲ್ಲಿಸಬೇಡಿ. ಎದೆಹಾಲು, ಊಟ ಮುಂದುವರಿಯಲಿ.

ವಾಂತಿ ಬಿದ್ದ ಜಾಗಕ್ಕೆ ಮೊದಲು ಹಳೆಯ ಪೇಪರು ಹಾಕಿ ಬಳಿದು ತೆಗೆಯಿರಿ, ಕೈಗವಸು ಇರಲಿ. ಆಮೇಲೆ ಲೀಟರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಸುರಿದು ಹತ್ತು ನಿಮಿಷ ಬಿಟ್ಟು ಒರೆಸಿ. ಕೊಳೆ ತೆಗೆಯದೆ ಮೇಲೇ ಸುರಿದರೆ ಕ್ಲೋರಿನ್ ಕೊಳೆಗೇ ಖರ್ಚಾಗುತ್ತದೆ. ಕೈ ತೊಳೆಯುವುದು ಸೋಪಿನಲ್ಲಿ 20 ಸೆಕೆಂಡು, ಉಗುರಿನ ಸಂದಿ ಮತ್ತು ಹೆಬ್ಬೆರಳು ಸೇರಿ. ವಾಂತಿಭೇದಿ, ಮಕ್ಕಳಿಗೆ ಬರುವ ಕೈ-ಕಾಲು-ಬಾಯಿ ರೋಗ ಎರಡಕ್ಕೂ ಸ್ಯಾನಿಟೈಸರ್‌ಗಿಂತ ಸೋಪೇ ಮೇಲು. ಆ ಮಕ್ಕಳ ಮಲದಲ್ಲಿ ವೈರಸ್ ವಾರಗಟ್ಟಲೆ ಇರುವುದರಿಂದ ಗುಳ್ಳೆ ಒಣಗಿದ ಮೇಲೂ ಡೈಪರ್ ಬದಲಿಸಿದವರು ಕೈ ತೊಳೆಯಬೇಕು.

ಗಾಳಿ

1898ರ ಪ್ಲೇಗಿನ ಹೊಡೆತದ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದಲ್ಲಿ ಅಗಲ ರಸ್ತೆ, ಮನೆ ಹಿಂದೆ ಓಣಿ ಇಟ್ಟರು. ಇವತ್ತಿನ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿವೆ, ಪಿಜಿಯಲ್ಲಿ ಒಂದೇ ಕಿಟಕಿಯ ಕೋಣೆಗೆ ನಾಲ್ಕು ಮಂಚ. ದಡಾರದ ವೈರಸ್ ಅಂಥ ಕೋಣೆಯ ಗಾಳಿಯಲ್ಲಿ ರೋಗಿ ಹೊರಗೆ ಹೋದ ಎರಡು ಗಂಟೆಯವರೆಗೂ ಉಳಿಯಬಲ್ಲದು.

ಎದುರುಬದುರು ಕಿಟಕಿ ಬಾಗಿಲು ತೆಗೆದರೆ ಅರ್ಧ ಕೆಲಸ ಮುಗಿಯಿತು. ಒಂದೇ ಕಿಟಕಿ ಇದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಹತ್ತಡಿ, ಹನ್ನೆರಡಡಿ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇದೆ. ಗಂಟೆಗೆ ಆರು ಸಲ ಬದಲಾಗಬೇಕಾದರೆ ಫ್ಯಾನಿನ ಪೆಟ್ಟಿಗೆಯ ಮೇಲೆ ಗಂಟೆಗೆ 200 ಘನ ಮೀಟರಿಗಿಂತ ಹೆಚ್ಚು ಎಂದಿರಬೇಕು. ಬಾಗಿಲ ಕೆಳಗೆ ಸಂದಿ ಇಲ್ಲದಿದ್ದರೆ ಎಂಥ ಫ್ಯಾನೂ ಸುಮ್ಮನೆ ತಿರುಗುತ್ತದೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಂಪುಮಾಡಿ ಸುತ್ತಿಸುತ್ತದೆ. ಆರೈಕೆ ಮಾಡುವವರು ಎನ್95 ಹಾಕಿದರೆ ಮೂಗಿನ ಪಟ್ಟಿ ಒತ್ತಿ, ಜೋರಾಗಿ ಉಸಿರು ಬಿಟ್ಟು ನೋಡಿ. ಕನ್ನಡಕ ಮಂಜಾದರೆ ಸಂದಿ ಇದೆ.

ಶಾಲೆಗೆ ಯಾವಾಗ ಕಳಿಸಬಹುದು? ಫ್ಲೂ ಆದರೆ ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದ ಮೇಲೆ. ಸಿತಾಳೆ ಸಿಡುಬಾದರೆ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ ಮೇಲೆ. ದಡಾರವಾದರೆ ದದ್ದು ಬಂದು ನಾಲ್ಕು ದಿನ ಕಳೆದ ಮೇಲೆ. ಎರಡು ವಾರ ಮೀರಿದ ಕೆಮ್ಮಿಗೆ ಮಾತ್ರ ಕಾಯಬೇಡಿ, ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಕ್ಷಯದ ಮಾತ್ರೆಗಳೂ ಉಚಿತ.

ಲಸಿಕೆ ಮತ್ತು ಕಡಿತ

ಮಗುವಿನ ಲಸಿಕೆಗಳನ್ನು ಬರೆದಿರುವ ತಾಯಿ ಕಾರ್ಡ್ ತೆಗೆದು ಬಿಟ್ಟುಹೋದ ಡೋಸ್ ನೋಡಿ: ದಡಾರ-ರುಬೆಲ್ಲಾ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು; ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್ 16ರಿಂದ 24 ತಿಂಗಳಲ್ಲಿ ಮತ್ತು 5ರಿಂದ 6 ವರ್ಷಕ್ಕೆ; ಟಿಡಿ (ಧನುರ್ವಾಯು, ಗಂಟಲುಮಾರಿ) 10 ಮತ್ತು 16ನೇ ವರ್ಷಕ್ಕೆ. ಊರು ಬಿಟ್ಟು ಬಂದ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಎರಡನೇ ಡೋಸೇ ತಪ್ಪಿರುವುದು ಹೆಚ್ಚು. ಕಾರ್ಡ್ ಕಳೆದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕುತ್ತಾರೆ, ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಟೈಫಾಯಿಡ್ ಕಾಂಜುಗೇಟ್ ಲಸಿಕೆ ಆರು ತಿಂಗಳಿಂದ ಕೊಡಬಹುದು, ಖಾಸಗಿಯಾಗಿ ಹಾಕಿಸಬೇಕು. ಮಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದವರು ಕಾಲು ಸೋಪಿನಲ್ಲಿ ತೊಳೆಯಿರಿ. ಬಿರುಕು ಹಿಮ್ಮಡಿ, ಗಾಯ ಇದ್ದವರಿಗೆ ಎರಡು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ಇಲಿಜ್ವರದ ಅನುಮಾನವನ್ನು ವೈದ್ಯರಿಗೆ ಹೇಳಿ.

ಬೀದಿನಾಯಿ ಕಚ್ಚಿದರೆ ಹರಿಯುವ ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ, ಬಟ್ಟೆ ಬಿಗಿಯಬೇಡಿ. ಅಂದೇ ಲಸಿಕೆ ಶುರುವಾಗಬೇಕು: ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ, ತೋಳಿನ ಸ್ನಾಯುವಿಗಾದರೆ 0, 3, 7, 14, 28. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯ ಜತೆಗೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯ, ಚುಚ್ಚಬೇಕು, ಏಕೆಂದರೆ ಲಸಿಕೆ ದೇಹದಲ್ಲಿ ರಕ್ಷಣೆ ಕಟ್ಟಲು ಒಂದೆರಡು ವಾರ ಹಿಡಿಯುತ್ತದೆ, ವೈರಸ್ ಅಷ್ಟು ಹೊತ್ತು ಕಾಯಬೇಕೆಂದಿಲ್ಲ. ಮುಖ, ಕತ್ತು, ಬೆರಳಿಗೆ ಕಚ್ಚಿದ್ದರೆ ಇದನ್ನು ಕೇಳಿ ಪಡೆಯಿರಿ. ಹತ್ತಿರದ ಕ್ಲಿನಿಕ್‌ನಲ್ಲಿ ಇಲ್ಲದಿದ್ದರೆ ಎಲ್ಲಿದೆ ಎಂದು 104ಕ್ಕೆ ಫೋನ್ ಮಾಡಿ ಕೇಳಬಹುದು. ಗಾಯ ಒಣಗಿತು ಎಂದು 28ನೇ ದಿನದ ಡೋಸ್ ಬಿಡುವವರು ಬಹಳ; ಮೊದಲ ದಿನವೇ ಎಲ್ಲ ತಾರೀಖುಗಳನ್ನೂ ಫೋನಿನ ಅಲಾರಂಗೆ ಹಾಕಿಬಿಡಿ.